ರಫೂ ಮತ್ತು ರಂಗು

ಸತ್ತುಹೋದವರ ಕೈಕೆಲಸವನ್ನು ಬದುಕಿರುವವರು ಎಷ್ಟರಮಟ್ಟಿಗೆ ಮುಟ್ಟಬಹುದು? ಅದು ಹೊಲಮನೆಯಾದರೆ ಉತ್ತರ ಸುಲಭ. ವಾರಸುದಾರರಿರುತ್ತಾರೆ, ಕಾಗದಪತ್ರಗಳಿರುತ್ತವೆ, ತಕರಾರು ಬಂದರೆ ಕೋರ್ಟು ಇರುತ್ತದೆ. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಗ ಹೊಸ ಬಣ್ಣ ಬಳಿಸಿದರೆ, ಹೆಂಚು ಇಳಿಸಿ ತಾರಸಿ ಹಾಕಿಸಿದರೆ ಯಾರೂ ಅವನನ್ನು ತಪ್ಪಿತಸ್ಥನೆನ್ನುವುದಿಲ್ಲ. ಆದರೆ ಬಿಟ್ಟುಹೋದದ್ದು ಒಂದು ಸಿನಿಮಾ ಆಗಿದ್ದರೆ? ಲಕ್ಷಾಂತರ ಜನರ ನೆನಪಿನಲ್ಲಿ ಮನೆ ಮಾಡಿಕೊಂಡಿರುವ ಸಿನಿಮಾ ಆಗಿದ್ದರೆ?

ಕೆ. ಆಸಿಫ್ ಅವರ ‘ಮುಘಲ್-ಎ-ಆಝಮ್’ 2004ರಲ್ಲಿ ಪೂರ್ತಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂತು. ಅನಂತರ ಡಿಸ್ಕಿನ ರೂಪದಲ್ಲಿ ನಮ್ಮ ಮನೆಗಳ ಒಳಗೂ ಬಂತು. ಅಂದು ಎದ್ದ ಪ್ರಶ್ನೆ ಇಪ್ಪತ್ತು ವರ್ಷ ಕಳೆದರೂ ಇತ್ಯರ್ಥವಾಗಿಲ್ಲ. ಆ ಚಿತ್ರವನ್ನು ಉಳಿಸಿದರೋ, ಬದಲಿಸಿದರೋ? ಎರಡನ್ನೂ ಮಾಡಿದರು ಎಂಬುದೇ ನಿಜವಾದ ಉತ್ತರ. ಹಾಗಾಗಿಯೇ ಅದನ್ನು ಬಿಡಿಸಿ ನೋಡಬೇಕಾಗಿದೆ.

ಚಿತ್ರದ ಕತೆಯಷ್ಟೇ ಅದನ್ನು ಮಾಡಿದ ಕತೆಯೂ ದೊಡ್ಡದು. ಆಸಿಫ್ 1940ರ ದಶಕದಲ್ಲಿಯೇ ಬೇರೆ ನಟನಟಿಯರನ್ನಿಟ್ಟುಕೊಂಡು ಕೆಲಸ ಆರಂಭಿಸಿದ್ದರು. ದೇಶ ಎರಡಾಯಿತು. ಹಣ ಹಾಕಿದ್ದ ಶೀರಾಝ್ ಅಲಿ ಹಕೀಮ್ ಪಾಕಿಸ್ತಾನಕ್ಕೆ ಹೋದರು. ಅಕ್ಬರನ ಪಾತ್ರ ವಹಿಸಿದ್ದ ಚಂದ್ರಮೋಹನ್ ತೀರಿಕೊಂಡರು. ಮತ್ತೆ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಈ ಸಲ ಶಾಪೂರ್ಜಿ ಪಲ್ಲೋನ್‌ಜಿ ಹಣ ಹಾಕಿದರು. ಪೃಥ್ವಿರಾಜ್ ಕಪೂರ್ ಅಕ್ಬರನಾದರು, ದಿಲೀಪ್ ಕುಮಾರ್ ಸಲೀಮನಾದರು, ಮಧುಬಾಲಾ ಅನಾರ್ಕಲಿಯಾದರು. ಕೊನೆಗೂ ಚಿತ್ರ ಮುಂಬಯಿಯ ಮರಾಠಾ ಮಂದಿರದಲ್ಲಿ ತೆರೆ ಕಂಡದ್ದು 1960ರ ಆಗಸ್ಟ್ 5ರಂದು. 197 ನಿಮಿಷಗಳ ಆ ಚಿತ್ರದಲ್ಲಿ ಶೀಶ್ ಮಹಲಿನ ಹಾಡು ಮತ್ತು ಕೊನೆಯ ಕೆಲವು ರೀಲುಗಳು ಮಾತ್ರ ಬಣ್ಣದಲ್ಲಿದ್ದವು. ಉಳಿದುದೆಲ್ಲ ಕಪ್ಪು ಬಿಳುಪು.

2004ರ ಹೊತ್ತಿಗೆ ಮೂಲ ನೆಗೆಟಿವ್ ಸವೆದಿತ್ತು. ಫಿಲ್ಮು ಎಂಬುದು ಕಲ್ಲಿನ ಶಾಸನವಲ್ಲ. ಅದು ಸುರುಟಿಕೊಳ್ಳುತ್ತದೆ, ಗೀರು ಬೀಳುತ್ತದೆ, ಬೂಸ್ಟು ಹಿಡಿಯುತ್ತದೆ. ಅಸಿಟೇಟ್ ಫಿಲ್ಮು ಕೊಳೆಯತೊಡಗಿದರೆ ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಅಂಥದ್ದನ್ನು ಒಂದೊಂದೇ ಚೌಕಟ್ಟಾಗಿ ಕಂಪ್ಯೂಟರಿಗೆ ಇಳಿಸಿ, ಧೂಳು ಗೀರುಗಳನ್ನು ತೆಗೆಯಬೇಕು. ಸೆಕೆಂಡಿಗೆ 24 ಚೌಕಟ್ಟಿನಂತೆ ಲೆಕ್ಕ ಹಾಕಿದರೆ 197 ನಿಮಿಷಕ್ಕೆ 2,83,680 ಚೌಕಟ್ಟುಗಳಾಗುತ್ತವೆ. ಈ ತಾಳ್ಮೆಯ ಕೆಲಸದ ಮೇಲೆ ಬಣ್ಣ ತುಂಬುವ ಕೆಲಸ ನಡೆಯಿತು. ಧ್ವನಿಯನ್ನು ಆರು ಟ್ರ್ಯಾಕುಗಳಿಗೆ ಹೊಂದಿಸಿದರು. ಹಿನ್ನೆಲೆ ಸಂಗೀತವನ್ನು ಹೊಸದಾಗಿ ನುಡಿಸಿ ಧ್ವನಿಮುದ್ರಿಸಿದರು. 2004ರ ನವೆಂಬರ್ 12ರಂದು ಬಣ್ಣದ ‘ಮುಘಲ್-ಎ-ಆಝಮ್’ ಬಿಡುಗಡೆಯಾಯಿತು. ಅದರ ಉದ್ದ 177 ನಿಮಿಷ.

ಈ ಕೆಲಸವನ್ನು ಸುಮ್ಮನೆ ಜರೆಯುವವರು ನಾವು ಕಳೆದುಕೊಂಡದ್ದರ ಲೆಕ್ಕವನ್ನು ಒಮ್ಮೆ ನೋಡಬೇಕು. ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ 1931ರದು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರದು. ಅದೂ ಇಲ್ಲ. ನಮ್ಮ ಭಾಷೆ ತೆರೆಯ ಮೇಲೆ ಮೊದಲು ಮಾತಾಡಿದಾಗ ಹೇಗೆ ಕೇಳಿಸಿತು ಎಂದು ಮಕ್ಕಳು ಕೇಳಿದರೆ ತೋರಿಸಲು ನಮ್ಮ ಬಳಿ ಏನೂ ಇಲ್ಲ. ಹಳೆಯ ರೀಲುಗಳನ್ನು ಅದರಲ್ಲಿರುವ ಬೆಳ್ಳಿ ತೆಗೆಯಲೆಂದು ಮಾರಿದ ದೇಶ ನಮ್ಮದು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದೇ 1964ರಲ್ಲಿ. ಅಷ್ಟರಲ್ಲಿ ಎಷ್ಟೋ ಚಿತ್ರಗಳು ಮಣ್ಣುಪಾಲಾಗಿದ್ದವು. 2003ರಲ್ಲಿ ಪುಣೆಯ ಉಗ್ರಾಣಕ್ಕೆ ಬಿದ್ದ ಬೆಂಕಿಯಲ್ಲಿ ಇನ್ನಷ್ಟು ಹಳೆಯ ರೀಲುಗಳು ಸುಟ್ಟುಹೋದವು. ಇಂಥ ನಾಡಿನಲ್ಲಿ ಒಂದು ಹಳೆಯ ನೆಗೆಟಿವನ್ನು ಹುಡುಕಿ, ಒರೆಸಿ, ಉಳಿಸಿದವನಿಗೆ ಮೊದಲು ಸಲಾಮು ಸಲ್ಲಬೇಕು. ಪ್ರಶ್ನೆ ಆಮೇಲೆ.

ಪ್ರಶ್ನೆ ಏನೆಂದು ತಿಳಿಯಲು ಬಟ್ಟೆಯ ಎರಡು ಕಸುಬುಗಳನ್ನು ನೆನೆಯಬಹುದು. ಶಾಲಿಗೋ ಶೇರ್ವಾನಿಗೋ ಕಿಡಿ ಬಿದ್ದು ತೂತಾದರೆ ಅದೇ ಬಟ್ಟೆಯ ಎಳೆ ತೆಗೆದು ಹೆಣೆದು ಮುಚ್ಚುವವನು ರಫೂಗಾರ. ಬಟ್ಟೆಗೆ ಬಣ್ಣ ಹಾಕುವವನು ರಂಗರೇಜ. ಇಬ್ಬರದೂ ಮರ್ಯಾದೆಯ ಕಸುಬು. ರಫೂಗಾರ ತನ್ನದೆಂಬುದನ್ನು ಏನನ್ನೂ ಸೇರಿಸುವುದಿಲ್ಲ, ಬಟ್ಟೆ ಮೊದಲಿದ್ದಂತೆ ಕಾಣಲೆಂದು ದುಡಿಯುತ್ತಾನೆ. ರಂಗರೇಜ ಬಟ್ಟೆ ಹೊಸದಾಗಿ ಕಾಣಲೆಂದು ದುಡಿಯುತ್ತಾನೆ. ನಾವು ರಫೂ ಮಾಡಲು ಕೊಟ್ಟ ಬಿಳಿ ಶೇರ್ವಾನಿಗೆ ನೀಲಿ ಬಣ್ಣ ಹಾಕಿಸಿ, ‘ನೋಡಿ, ನಿಮ್ಮ ಬಟ್ಟೆ ಸರಿಮಾಡಿದ್ದೇನೆ’ ಎಂದರೆ ಆ ನೀಲಿ ಎಷ್ಟೇ ಚಂದವಿದ್ದರೂ ನಮಗೆ ಮಾತು ತಪ್ಪಿದಂತೆ ಅನಿಸುತ್ತದೆ. ಹಳೆಯ ಸಿನಿಮಾದ ವಿಷಯದಲ್ಲಿ ಈ ಎರಡು ಕಸುಬುಗಳಿಗೂ ‘ಪುನರುಜ್ಜೀವನ’ ಎಂಬ ಒಂದೇ ಹೆಸರು ಇಟ್ಟುಬಿಟ್ಟಿದ್ದೇವೆ. ಗೊಂದಲ ಹುಟ್ಟುವುದು ಅಲ್ಲಿಂದ.

ಬಣ್ಣ ಹಾಕಿದವರ ಪರವಾಗಿ ಹೇಳಬೇಕಾದ ಮಾತುಗಳಿವೆ. ಅವು ಹಗುರ ಮಾತುಗಳಲ್ಲ. ಶೀಶ್ ಮಹಲಿನ ಬಣ್ಣದ ರೀಲನ್ನು ಕಂಡ ಮೇಲೆ ಆಸಿಫ್ ಅವರೇ ಇಡೀ ಚಿತ್ರವನ್ನು ಬಣ್ಣದಲ್ಲಿ ಮತ್ತೆ ಚಿತ್ರಿಸಬೇಕೆಂದು ಬಯಸಿದ್ದರು. ವರ್ಷಗಟ್ಟಲೆ ಕಾದು ಕುಳಿತಿದ್ದ ವಿತರಕರು ಒಪ್ಪಲಿಲ್ಲ. ಹಾಗಾದರೆ 2004ರಲ್ಲಿ ಈಡೇರಿದ್ದು ಅವರ ಬಯಕೆಯೇ ಅಲ್ಲವೆ? ಇನ್ನೊಂದು, ಹಣದ ಮಾತು. ಕಪ್ಪು ಬಿಳುಪಿನ ಚಿತ್ರವನ್ನು ಶುಚಿಗೊಳಿಸಿ ಥಿಯೇಟರಿಗೆ ತಂದರೆ ಎಷ್ಟು ಯುವಕರು ಟಿಕೆಟು ಕೊಂಡಾರು? ಬಣ್ಣದ ಆಸೆ ತೋರಿಸಿದ್ದರಿಂದ ಜನ ಬಂದರು, ಜನ ಬರುವರೆಂಬ ಭರವಸೆಯಿಂದ ನೆಗೆಟಿವಿನ ರಫೂ ಕೆಲಸಕ್ಕೂ ಹಣ ಹುಟ್ಟಿತು. ರಂಗರೇಜನ ಸಂಪಾದನೆಯಲ್ಲಿ ರಫೂಗಾರ ಉಂಡ ಎಂದರೆ ತಪ್ಪಾಗಲಾರದು.

ಮೊದಲ ಮಾತನ್ನು ನಾವು ಪೂರ್ತಿ ಒಪ್ಪಲಾರೆವು. ಬಯಕೆ ಬೇರೆ, ಕೃತಿ ಬೇರೆ. ಆಸಿಫ್ ತೀರಿಕೊಂಡದ್ದು 1971ರಲ್ಲಿ. ಬಣ್ಣದಲ್ಲಿ ಚಿತ್ರಿಸಿದ್ದರೆ ಅವರೂ ಛಾಯಾಗ್ರಾಹಕ ಆರ್. ಡಿ. ಮಾಥುರ್ ಅವರೂ ಬೆಳಕನ್ನು ಬೇರೆಯಾಗಿಯೇ ಇಡುತ್ತಿದ್ದರು, ಉಡುಪುಗಳನ್ನು ಬೇರೆಯಾಗಿಯೇ ಆರಿಸುತ್ತಿದ್ದರು. ಕಪ್ಪು ಬಿಳುಪಿಗೆಂದು ಇಟ್ಟ ಬೆಳಕಿನ ಮೇಲೆ ಬಣ್ಣ ಬಳಿದರೆ ಅದು ಅವರ ಬಣ್ಣದ ಚಿತ್ರವಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, 1960ರ ಚಿತ್ರದಲ್ಲಿ ಬಣ್ಣಕ್ಕೊಂದು ಅರ್ಥವಿತ್ತು. ಕಪ್ಪು ಬಿಳುಪಿನ ಅರಮನೆಯಲ್ಲಿ ಅಲ್ಲಿಯವರೆಗೆ ಪಿಸುಮಾತಿನಲ್ಲಿದ್ದ ಪ್ರೇಮವನ್ನು ಒಬ್ಬ ದಾಸಿ ಬಾದಶಹನ ಎದುರೇ ಹಾಡಿ ಸಾರುತ್ತಾಳೆ. ಆ ಗಳಿಗೆಯಲ್ಲಿ ತೆರೆಗೆ ಬಣ್ಣ ಬರುತ್ತದೆ. ಛಾವಣಿಯ ಒಂದೊಂದು ಕನ್ನಡಿಯ ಚೂರಿನಲ್ಲೂ ಅವಳದೇ ಬಿಂಬ ಕುಣಿಯುತ್ತದೆ. ಬಾದಶಹ ಎತ್ತ ನೋಡಿದರೂ ಅವಳೇ. ಆ ಬಣ್ಣ ಅಲಂಕಾರವಾಗಿರಲಿಲ್ಲ, ಅದು ಅವಳ ಧೈರ್ಯವಾಗಿತ್ತು. ಇಡೀ ಚಿತ್ರವೇ ಬಣ್ಣದಲ್ಲಿದ್ದಾಗ ಶೀಶ್ ಮಹಲು ಇನ್ನೊಂದು ಸುಂದರ ಸೆಟ್ಟು ಮಾತ್ರ. ಏನನ್ನೂ ತೆಗೆಯದೆ, ಕೇವಲ ಸೇರಿಸಿಯೇ, ಒಂದು ಅರ್ಥವನ್ನು ಅಳಿಸಬಹುದು.

ಇನ್ನು ತೆಗೆದದ್ದರ ಮಾತು. 197ರಲ್ಲಿ 177 ಕಳೆದರೆ 20 ನಿಮಿಷ. ಇಂದಿನ ಪ್ರೇಕ್ಷಕನ ತಾಳ್ಮೆಗೆ ತಕ್ಕಂತೆ ಚಿತ್ರವನ್ನು ಚಿಕ್ಕದು ಮಾಡಿದರು ಎಂದು ಯಾರಾದರೂ ಹೇಳಬಹುದು. ಆದರೆ ಬಣ್ಣದ ಪ್ರತಿಯನ್ನು ಮಾತ್ರ ಕಂಡ ಹುಡುಗನಿಗೆ ತಾನು ಏನನ್ನು ಕಂಡಿಲ್ಲ ಎಂಬುದೇ ತಿಳಿಯುವುದಿಲ್ಲ. ಹರಿದ ಪುಟದ ಗುರುತು ಪುಸ್ತಕದಲ್ಲಿ ಉಳಿಯುತ್ತದೆ. ಸಿನಿಮಾದಲ್ಲಿ ಕತ್ತರಿಯ ಗುರುತು ಉಳಿಯುವುದಿಲ್ಲ.

ಹಾಗೆಂದು ರಫೂಗಾರನಿಗೆ ಕಣ್ಣು ಮುಚ್ಚಿ ಪ್ರಮಾಣಪತ್ರ ಕೊಡುವುದೂ ಸರಿಯಲ್ಲ. ಶುಚಿ ಮಾಡುವ ಹುಮ್ಮಸ್ಸಿನಲ್ಲಿ ಫಿಲ್ಮಿನ ಸಹಜವಾದ ಮರಳುಮರಳು ಕಣಗಳನ್ನೂ ಯಂತ್ರ ಒರೆಸಿಬಿಟ್ಟರೆ ಮನುಷ್ಯರ ಮುಖಗಳು ಮೇಣದ ಗೊಂಬೆಗಳಂತಾಗುತ್ತವೆ. ಗೀರು ಯಾವುದು, ಚರ್ಮದ ಗೆರೆ ಯಾವುದು ಎಂದು ಯಂತ್ರಕ್ಕೆ ತಿಳಿಯದು. ಕೂತು ನೋಡುವ ಮನುಷ್ಯನಿಗೆ ತಿಳಿಯಬೇಕು. ಧ್ವನಿಯದೂ ಅದೇ ಕತೆ. ಹಿನ್ನೆಲೆ ಸಂಗೀತವನ್ನು ಹೊಸದಾಗಿ ಮಾಡುವಾಗ ನೌಷಾದ್ ಅವರೇ ಇದ್ದರು. ಆಗ ಅವರಿಗೆ ಎಂಬತ್ತು ದಾಟಿತ್ತು. ತನ್ನ ಕೃತಿಯನ್ನು ತಾನೇ ತಿದ್ದುವ ಹಕ್ಕು ಕಲಾವಿದನಿಗಿದೆ ಎಂದು ನಾವು ಒಪ್ಪುತ್ತೇವೆ. ಆದರೆ ಆ ಚಿತ್ರ ನೌಷಾದರೊಬ್ಬರದಲ್ಲ. ಆಸಿಫ್ ಇರಲಿಲ್ಲ, 1969ರಲ್ಲಿ ತೀರಿಕೊಂಡ ಮಧುಬಾಲಾ ಇರಲಿಲ್ಲ, ಹಾಡುಗಳನ್ನು ಬರೆದ ಶಕೀಲ್ ಬದಾಯೂನಿ ಇರಲಿಲ್ಲ. ಬದುಕಿರುವ ಒಬ್ಬನ ಒಪ್ಪಿಗೆಯಿಂದ ಸತ್ತ ಹತ್ತು ಜನರ ಸಹಿ ಸಿಕ್ಕಂತಾಗುವುದಿಲ್ಲ.

ಕಾನೂನನ್ನು ಕೇಳಿದರೆ ಅದು ಬೇಗ ಉತ್ತರ ಕೊಡುತ್ತದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಎಂದರೆ ನಿರ್ಮಾಪಕ. ನಿರ್ದೇಶಕನಲ್ಲ. ಹಣ ಹಾಕಿದವನ ಮನೆತನದವರೇ ಬಣ್ಣ ಹಾಕಿಸಿದ್ದರಿಂದ ಇಲ್ಲಿ ವ್ಯಾಜ್ಯಕ್ಕೆ ಜಾಗವೇ ಇರಲಿಲ್ಲ. ಫ್ರಾನ್ಸಿನಲ್ಲಿ ಬೇರೆ ತೀರ್ಪು ಬಂತು. ಅಮೆರಿಕದ ನಿರ್ದೇಶಕ ಜಾನ್ ಹ್ಯೂಸ್ಟನ್ ಅವರ 1950ರ ಕಪ್ಪು ಬಿಳುಪಿನ ಚಿತ್ರವೊಂದಕ್ಕೆ ಬಣ್ಣ ಹಾಕಿ ಅಲ್ಲಿನ ಟೀವಿಯಲ್ಲಿ ತೋರಿಸಲು ಹೊರಟಾಗ ಅವರ ಮಕ್ಕಳು ಕೋರ್ಟಿಗೆ ಹೋದರು. ತಂದೆ 1987ರಲ್ಲಿಯೇ ತೀರಿಕೊಂಡಿದ್ದರು. ಕೃತಿಯ ರೂಪ ಕೆಡದಂತೆ ಕಾಯುವ ಹಕ್ಕು ಅದನ್ನು ಸೃಷ್ಟಿಸಿದವನಿಗಿದೆ, ಅದು ಅವನೊಂದಿಗೆ ಸಾಯುವುದಿಲ್ಲ ಎಂದು 1991ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯ ಹೇಳಿತು. ಒಂದು ದೇಶದಲ್ಲಿ ಮಾಲೀಕನ ಸ್ವತ್ತು, ಇನ್ನೊಂದು ದೇಶದಲ್ಲಿ ಕಲಾವಿದನ ಮಾನ. ಕಾನೂನು ಗಡಿಯಿಂದ ಗಡಿಗೆ ಬದಲಾಗುತ್ತದೆ. ಗಡಿ ದಾಟಿಯೂ ಬದಲಾಗದ ಒಂದು ಅಳತೆ ನಮಗೆ ಬೇಕು.

ಆ ಅಳತೆಗೆ ನಮ್ಮ ಮನೆಮಾತಿನಲ್ಲಿ ಒಂದು ಪದವಿದೆ, ಅಮಾನತ್. ಇದು ಕನ್ನಡಕ್ಕೂ ಬಂದಿದೆ. ಆದರೆ ಕಚೇರಿಯ ಬಾಗಿಲಿನಿಂದ ಬಂದದ್ದರಿಂದ ಅದರ ಮುಖವೇ ಬದಲಾಗಿದೆ. ಪತ್ರಿಕೆಗಳಲ್ಲಿ ‘ಅಧಿಕಾರಿ ಅಮಾನತು’ ಎಂದು ಓದುತ್ತೇವೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕೊಲ್ಲಿಗೆ ಹೊರಟವನು ತನ್ನ ಪೆಟ್ಟಿಗೆಯನ್ನು ನೆರೆಮನೆಯಲ್ಲಿಟ್ಟು ಹೋಗುತ್ತಾನೆ. ಅದರಲ್ಲಿ ಅವನ ತಾಯಿಯ ಹಳೆಯ ಪದಕವಿದೆ ಎನ್ನೋಣ. ನೆರೆಯವನು ಅದನ್ನು ಕಳೆಯದೆ ಕಾಪಾಡಬೇಕು, ಕಿಲುಬು ಹಿಡಿದರೆ ಉಜ್ಜಿಡಬೇಕು. ಅದನ್ನು ಕರಗಿಸಿ ಹೊಸ ಮಾದರಿಯ ನೆಕ್ಲೇಸು ಮಾಡಿಸಿ, ತೂಕ ಎಳ್ಳಷ್ಟೂ ಕಡಿಮೆಯಾಗದಂತೆ ಹಿಂದಿರುಗಿಸಿದರೂ ಅವನು ಅಮಾನತ್ ಕಾದವನಾಗುವುದಿಲ್ಲ. ಚಿನ್ನ ಹಿಂದೆ ಬಂದಿದೆ, ತಾಯಿ ಬಂದಿಲ್ಲ.

ಹಳೆಯ ಸಿನಿಮಾ ಇಂಥ ಅಮಾನತ್. ಒಪ್ಪಿಸಿದವರು ಸತ್ತಿದ್ದಾರೆ, ಪಡೆಯಬೇಕಾದವರು ಇನ್ನೂ ಹುಟ್ಟಿಲ್ಲ. ನಡುವೆ ನಿಂತಿರುವ ಮಾಲೀಕನಿಗೂ ಪ್ರೇಕ್ಷಕರಾದ ನಮಗೂ ಅದನ್ನು ಬಳಸುವ ಹಕ್ಕಿದೆ, ಮುಗಿಸುವ ಹಕ್ಕಿಲ್ಲ. ಕಾನೂನು ಕೂಡ ಇಷ್ಟನ್ನು ಒಪ್ಪುತ್ತದೆ. ಸಿನಿಮಾದ ಹಕ್ಕುಸ್ವಾಮ್ಯಕ್ಕೆ ಅದು ಕೊಡುವ ಆಯುಸ್ಸು 60 ವರ್ಷ ಮಾತ್ರ. ಆಮೇಲೆ ಚಿತ್ರ ಎಲ್ಲರದು. ಆ ದಿನ ಬಂದಾಗ ‘ಎಲ್ಲರ ಕೈಗೆ’ ಏನು ಬರುತ್ತದೆ ಎಂಬುದು ಇಂದು ಏನನ್ನು ಉಳಿಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಮನೆಗೆ ಬರುವ ಪ್ರತಿಯ ಮಹತ್ವ ಇರುವುದು ಇಲ್ಲಿಯೇ. ಥಿಯೇಟರಿಗೆ ಬಂದ ಚಿತ್ರ ಕೆಲವು ವಾರ ಇದ್ದು ಹೋಗುತ್ತದೆ. ಮನೆಗೆ ಬಂದದ್ದು ಉಳಿಯುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಗಸರು ಟಾಕೀಸಿನ ಮೆಟ್ಟಿಲು ಹತ್ತಿದವರಲ್ಲ. ಅವರ ಪಾಲಿಗೆ ಸಿನಿಮಾ ಎಂದರೆ ಮೊದಲು ಬಾಡಿಗೆಯ ವಿಡಿಯೋ ಕ್ಯಾಸೆಟ್ಟು, ಆಮೇಲೆ ಡಿಸ್ಕು, ಈಗ ಮೊಬೈಲು. ಮನೆಯಲ್ಲಿ ನೋಡುವವರು ಚಿತ್ರವನ್ನು ನಿಲ್ಲಿಸುತ್ತಾರೆ, ಹಿಂದಕ್ಕೆ ಓಡಿಸುತ್ತಾರೆ, ಮಕ್ಕಳಿಗೆ ಉರ್ದು ಮಾತಿನ ಅರ್ಥ ಬಿಡಿಸಿ ಹೇಳುತ್ತಾರೆ. ದಖನಿ ಆಡುವ ಮನೆಗಳಿಗೆ ದರ್ಬಾರಿನ ಉರ್ದುವಿನ ಗತ್ತು ತಲುಪಿದ್ದೇ ಇಂಥ ಚಿತ್ರಗಳಿಂದ. ಮನೆಯಲ್ಲಿರುವ ಪ್ರತಿಯೇ ಮುಂದಿನ ತಲೆಮಾರಿಗೆ ಮೂಲವಾಗುತ್ತದೆ. ‘ಮುಘಲ್-ಎ-ಆಝಮ್’ ವಿಷಯದಲ್ಲಿ ಕಪ್ಪು ಬಿಳುಪಿನ ಪ್ರತಿಯೂ ಬಣ್ಣದ ಪ್ರತಿಯೂ ಡಿಸ್ಕಿನಲ್ಲಿ ಬಂದವು. ಅದು ಸಮಾಧಾನದ ಸಂಗತಿ. ಆದರೆ ಡಿಸ್ಕು ಮಾರುವ ಅಂಗಡಿಗಳು ಇಂದು ಬಾಗಿಲು ಹಾಕುತ್ತಿವೆ. ಎಲ್ಲೋ ದೂರದಲ್ಲಿ ಕುಳಿತ ಕಂಪನಿ ಯಾವ ಪ್ರತಿಯನ್ನು ಇಡುತ್ತದೋ ಅದೇ ನಮ್ಮ ಮೊಬೈಲಿಗೆ ಬರುತ್ತದೆ. ನಿನ್ನೆ ಇದ್ದ ಪ್ರತಿ ಇಂದು ಬದಲಾದರೆ ಕೇಳುವವರಿಲ್ಲ.

ಇಷ್ಟಕ್ಕೂ ಈ ಚಿತ್ರವೇ ಇತಿಹಾಸಕ್ಕೆ ಬಣ್ಣ ಹಾಕಿದ್ದಲ್ಲವೆ, ಅದಕ್ಕೆ ಬಣ್ಣ ಹಾಕಿದರೆ ತಕರಾರೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅನಾರ್ಕಲಿಯ ಹೆಸರೆತ್ತುವುದಿಲ್ಲ. ಈ ಪ್ರೇಮಕತೆ ದಂತಕತೆಯಾಗಿ ಹರಿದುಬಂದು, ಇಮ್ತಿಯಾಝ್ ಅಲಿ ತಾಜ್ ಅವರ ಉರ್ದು ನಾಟಕದಿಂದ ಜನಪ್ರಿಯವಾಗಿ, ಅಲ್ಲಿಂದ ಸಿನಿಮಾಕ್ಕೆ ಬಂತು. ಲಾಹೋರಿನಲ್ಲಿ ಅನಾರ್ಕಲಿಯದೆಂದು ಹೇಳುವ ಗೋರಿಯೊಂದಿದೆ. ಬ್ರಿಟಿಷರ ಕಾಲದಲ್ಲಿ ಅದು ಚರ್ಚಾಗಿತ್ತು. ಈಗ ಅದು ಪಂಜಾಬ್ ಸರ್ಕಾರದ ದಾಖಲೆಗಳನ್ನು ಇಡುವ ಕಟ್ಟಡ. ದಾಖಲೆಯೇ ಇಲ್ಲದವಳ ಗೋರಿಯಲ್ಲಿ ದಾಖಲೆಗಳು ಮಲಗಿವೆ! 2006ರಲ್ಲಿ ಬಣ್ಣದ ‘ಮುಘಲ್-ಎ-ಆಝಮ್’ ಅದೇ ಲಾಹೋರಿನಲ್ಲಿ ತೆರೆ ಕಂಡಿತು. ಕತೆ ಹೊಸ ಉಡುಪು ತೊಟ್ಟು ತವರಿಗೆ ಬಂದಂತಾಯಿತು.

ಆದರೆ ದಂತಕತೆಯನ್ನು ದಂತಕತೆ ಎಂದು ತಿಳಿಯಲು ನಮಗೆ ಇತಿಹಾಸದ ಪುಸ್ತಕ ಪಕ್ಕದಲ್ಲಿಯೇ ಇರಬೇಕು. 2023ರಲ್ಲಿ ಎನ್‌ಸಿಇಆರ್‌ಟಿಯ 12ನೇ ತರಗತಿಯ ಇತಿಹಾಸ ಪುಸ್ತಕದಿಂದ ಮೊಘಲ್ ದರ್ಬಾರುಗಳ ಅಧ್ಯಾಯವನ್ನೇ ಕೈಬಿಟ್ಟರು. ಮಕ್ಕಳ ಹೊರೆ ಇಳಿಸಲು ಎಂದರು. ಇತಿಹಾಸದ ಅಕ್ಬರ್ ಪುಸ್ತಕದಿಂದ ಹೋಗಿ, ಸಿನಿಮಾದ ಅಕ್ಬರ್ ಮಾತ್ರ ಮನೆಯಲ್ಲಿ ಉಳಿದರೆ, ಮಗನ ಪ್ರೇಮಕ್ಕೆ ಅಡ್ಡ ಬಂದ ದೊಡ್ಡ ದನಿಯ ತಂದೆಯಾಗಿ ಅವನು ನೆನಪಾಗುತ್ತಾನೆ, ಅಷ್ಟೆ. ಅಧ್ಯಾಯವನ್ನು ಕತ್ತರಿಸುವವರನ್ನೂ 20 ನಿಮಿಷವನ್ನು ಕತ್ತರಿಸುವವರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಉದ್ದೇಶ ಬೇರೆ, ಪರಿಣಾಮದ ಅಳತೆಯೂ ಬೇರೆ. ಆದರೆ ಎರಡರಲ್ಲೂ ಒಂದು ಅಪಾಯ ಸಮಾನವಾಗಿದೆ. ಇಲ್ಲವಾದದ್ದು ಇತ್ತು ಎಂಬ ಸುಳಿವೂ ಮುಂದಿನವರಿಗೆ ಸಿಗುವುದಿಲ್ಲ.

ಈ ಚಿತ್ರದ ಕೊನೆಯೇ ನಮಗೊಂದು ಪಾಠವಾಗಬಹುದು. ಸಲೀಮ್ ಹುಟ್ಟಿದ ಸುದ್ದಿ ತಂದ ದಾಸಿಗೆ ಅಕ್ಬರ್ ಉಂಗುರ ಕೊಟ್ಟು, ಕೇಳಿದ್ದನ್ನು ಕೊಡುವ ಮಾತು ಕೊಟ್ಟಿರುತ್ತಾನೆ. ಅದೇ ದಾಸಿಯ ಮಗಳು ಅನಾರ್ಕಲಿ. ಮಗಳಿಗೆ ಸಾವಿನ ಶಿಕ್ಷೆಯಾದಾಗ ತಾಯಿ ಆ ಮಾತನ್ನು ನೆನಪಿಸುತ್ತಾಳೆ. ಬಾದಶಹ ಮಾತು ಉಳಿಸಿಕೊಳ್ಳುತ್ತಾನೆ. ಸುರಂಗದ ದಾರಿಯಿಂದ ಅನಾರ್ಕಲಿಯನ್ನು ಕಳಿಸಿಕೊಡುತ್ತಾನೆ. ಆದರೆ ಅವಳು ಸತ್ತಳೆಂದೇ ಲೋಕ ನಂಬಬೇಕು, ಸಲೀಮನೂ ನಂಬಬೇಕು. ಮಾತು ಉಳಿಯಿತು, ಸತ್ಯ ಗೋಡೆಯ ಹಿಂದೆ ಹೋಯಿತು. ಇಡೀ ಚಿತ್ರದಲ್ಲಿ ತಕ್ಕಡಿ ಹಿಡಿದು ನಿಂತ ಬಾದಶಹನ ಇನ್ಸಾಫ್ ಇಲ್ಲಿ ಅರ್ಧವೇ. ಹಳೆಯ ಚಿತ್ರವನ್ನು ಉಳಿಸಿ, ಅದರಲ್ಲಿ ಏನು ಬದಲಾಯಿತೆಂದು ಮುಚ್ಚಿಡುವವನ ಇನ್ಸಾಫೂ ಅಷ್ಟೇ.

ಹೇಳಿ ಮಾಡುವುದು ಕಷ್ಟವೇನಲ್ಲ. ಬಣ್ಣದ ‘ಮುಘಲ್-ಎ-ಆಝಮ್’ ಬಿಡುಗಡೆಯಾದ ದಿನವೇ ‘ವೀರ್-ಝಾರಾ’ ಕೂಡ ಬಿಡುಗಡೆಯಾಯಿತು. ಅದರ ಹಾಡುಗಳು 1975ರಲ್ಲಿ ತೀರಿಕೊಂಡ ಮದನ್ ಮೋಹನ್ ಬಳಸದೆ ಬಿಟ್ಟುಹೋಗಿದ್ದ ಧಾಟಿಗಳು. ಅವರ ಮಗ ಸಂಜೀವ್ ಕೊಹ್ಲಿ ಅವುಗಳನ್ನು ಹೊರತೆಗೆದು ಹೊಸದಾಗಿ ಕಟ್ಟಿದರು, ಹಾಗೆಂದು ಎಲ್ಲರಿಗೂ ಹೇಳಿದರು. ತಂದೆಯ ಪಾಲು ಯಾವುದು, ಮಗನ ಪಾಲು ಯಾವುದು ಎಂಬುದರಲ್ಲಿ ಮುಚ್ಚುಮರೆ ಇರಲಿಲ್ಲ. ಕನ್ನಡದಲ್ಲಿಯೂ ಎರಡೂ ದಾರಿಗಳನ್ನು ಕಂಡಿದ್ದೇವೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಬಂದವು. ರಾಜಕುಮಾರರನ್ನು ಬಣ್ಣದಲ್ಲಿ ಕಂಡು ಜನ ಸಂತೋಷಪಟ್ಟರು. ಆ ಸಂತೋಷವನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ರಫೂ ಆಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿತು. ಅದು ಕಪ್ಪು ಬಿಳುಪಿನಲ್ಲಿಯೇ ಇತ್ತು. ಮೊದಲನೆಯದು ರಂಗರೇಜನ ದಾರಿ, ಎರಡನೆಯದು ರಫೂಗಾರನ ದಾರಿ. ಎರಡಕ್ಕೂ ಜಾಗವಿದೆ.

ಹಾಗಾದರೆ ನಾವು ಕೇಳುವುದಿಷ್ಟೆ. ಬಣ್ಣ ಹಾಕಿ, ಆದರೆ ಮೂಲವನ್ನು ಮೊದಲು ರಫೂ ಮಾಡಿ ಭದ್ರವಾಗಿಡಿ. ಚಿಕ್ಕದು ಮಾಡಿ, ಆದರೆ ಎಷ್ಟು ನಿಮಿಷ ತೆಗೆದಿರೆಂದು ಡಬ್ಬಿಯ ಮೇಲೆ ಬರೆಯಿರಿ. ಎರಡು ಪ್ರತಿಗಳನ್ನೂ ಒಂದೇ ಬೆಲೆಗೆ, ಒಂದೇ ಕಡೆ ಸಿಗುವಂತೆ ಮಾಡಿ. ಒಳ್ಳೆಯ ರಫೂಗಾರ ಬಟ್ಟೆ ಹಿಂದಿರುಗಿಸುವಾಗ ಅದನ್ನು ತಿರುವಿ ಹಿಂಬದಿಯನ್ನು ತೋರಿಸುತ್ತಾನೆ. ಮುಂಬದಿಯಲ್ಲಿ ಕಾಣದ ಹೆಣಿಗೆ ಅಲ್ಲಿ ಕಾಣುತ್ತದೆ. ಅದನ್ನು ತೋರಿಸುವುದರಿಂದ ಅವನ ಕಸುಬಿನ ಬೆಲೆ ಇಳಿಯುವುದಿಲ್ಲ.

ಕೇಳುವ ಹೊಣೆ ಕೊಳ್ಳುವವರ ಮೇಲೂ ಇದೆ. ಹಳೆಯ ಚಿತ್ರವೊಂದನ್ನು ಮನೆಗೆ ತರುವಾಗ ಇದು ಯಾವ ಪ್ರತಿ, ಎಷ್ಟು ನಿಮಿಷದ್ದು ಎಂದು ನಾವು ಕೇಳದಿದ್ದರೆ ಮಾರುವವನು ತಾನಾಗಿ ಏಕೆ ಹೇಳಿಯಾನು? ಮಕ್ಕಳಿಗೆ ಎರಡನ್ನೂ ತೋರಿಸೋಣ. ಅವರಿಗೆ ಬಣ್ಣದ ಪ್ರತಿಯೇ ಇಷ್ಟವಾದರೆ ಆಗಲಿ. ಆದರೆ ಇದನ್ನು ಮಾಡಿದವರು ಹೇಗೆ ಮಾಡಿದ್ದರು ಎಂದು ಒಂದು ದಿನ ಅವರು ಕೇಳಿದಾಗ, ಕಪಾಟಿನಿಂದ ತೆಗೆದು ಕೈಗಿಡಲು ನಮ್ಮ ಬಳಿ ಇನ್ನೊಂದು ಪ್ರತಿ ಇರಬೇಕು.